ಮುಟ್ಟಿದಷ್ಟೂ ಆಯಸ್ಸು

ಒಂದು ಪ್ರಾಜೆಕ್ಟ್‌ನಲ್ಲಿ ನಾನೇ ಬರೆದ ಸಾಲು: ಬಳಕೆದಾರರ ಪರ್ಮಿಷನ್‌ಗಳು ಕ್ಯಾಶ್‌ನಲ್ಲಿ 20 ನಿಮಿಷ ಇರಲಿ, ಯಾರಾದರೂ ಓದಿದರೆ ಅಲ್ಲಿಂದ ಮತ್ತೆ 20. ಸ್ಲೈಡಿಂಗ್ ಎಕ್ಸ್‌ಪಿರೇಷನ್. ಒಬ್ಬರ ಅಡ್ಮಿನ್ ಹಕ್ಕನ್ನು ಸೋಮವಾರ ತೆಗೆದ್ವಿ. ಗುರುವಾರವೂ ಅವರಿಗೆ ಎಲ್ಲಾ ಓಪನ್ ಆಗ್ತಿತ್ತು! ಅವರು ತೆರೆದಿಟ್ಟಿದ್ದ ಡ್ಯಾಶ್‌ಬೋರ್ಡ್ ನಿಮಿಷಕ್ಕೊಮ್ಮೆ ರಿಫ್ರೆಶ್ ಆಗಿ ಆ ಎಂಟ್ರಿಯನ್ನು ಮುಟ್ಟುತ್ತಲೇ ಇತ್ತು. ಅದು ಸಾಯಲೇ ಇಲ್ಲ. ಈ ಐಡಿಯಾ ಎಲ್ಲಿಂದ ಬಂತು ಅಂತ ಹುಡುಕಿದ್ದು ಆಮೇಲೆ.

1962ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಶುರುವಾದ ಅಟ್ಲಾಸ್ ಕಂಪ್ಯೂಟರ್‌ಗೆ ವೇಗದ ಕೋರ್ ಮೆಮೊರಿ ಇದ್ದದ್ದು 16 ಸಾವಿರ ಚಿಲ್ಲರೆ ವರ್ಡ್. ಉಳಿದದ್ದೆಲ್ಲ ನಿಧಾನದ ಡ್ರಮ್‌ನಲ್ಲಿ. ಕೋರ್ ತುಂಬಿದಾಗ 512 ವರ್ಡ್‌ಗಳ ಯಾವ ಪೇಜನ್ನು ಹೊರಗೆ ಕಳಿಸೋದು? ಟಾಮ್ ಕಿಲ್ಬರ್ನ್ ತಂಡ ಪ್ರತಿ ಪೇಜಿಗೂ ಒಂದು ಬಿಟ್ ಇಟ್ಟಿತು, ಮುಟ್ಟಿದರೆ 1. ಪೇಜು ಎಷ್ಟು ಹೊತ್ತಿನಿಂದ ಸುಮ್ಮನಿದೆ, ಹಿಂದಿನ ಸಲ ಎಷ್ಟು ಹೊತ್ತು ಸುಮ್ಮನಿತ್ತು ಅಂತ ಹೋಲಿಸಿ ತೀರ್ಮಾನ. ನಮ್ಮಜ್ಜಿ ಪಾತ್ರೆಗಳನ್ನು ಅಟ್ಟಕ್ಕೆ ಏರಿಸುತ್ತಿದ್ದದ್ದೂ ಹೆಚ್ಚುಕಮ್ಮಿ ಇದೇ ಲೆಕ್ಕದಲ್ಲಿ.

1966ರಲ್ಲಿ ಐಬಿಎಂನ ಬೆಲಾಡಿ ತೋರಿಸಿದ ಪ್ರಕಾರ, ಎಲ್ಲಕ್ಕಿಂತ ತಡವಾಗಿ ಬೇಕಾಗುವ ಪೇಜನ್ನು ತೆಗೆಯೋದೇ ಉತ್ತಮ. ಆದರೆ ಅದಕ್ಕೆ ಭವಿಷ್ಯ ಗೊತ್ತಿರಬೇಕು. ಹಾಗಾಗಿ ಹಿಂದಿನ ಬಳಕೆಯೇ ಗತಿ. 1968ರಲ್ಲಿ ಪೀಟರ್ ಡೆನ್ನಿಂಗ್ ಅದಕ್ಕೊಂದು ಅವಧಿ ಕಟ್ಟಿದರು: ಕಳೆದ ಇಷ್ಟು ಹೊತ್ತಿನಲ್ಲಿ ಮುಟ್ಟಿದ ಪೇಜುಗಳೇ ಆ ಪ್ರೋಗ್ರಾಮ್‌ನ ವರ್ಕಿಂಗ್ ಸೆಟ್. ನನ್ನ 20 ನಿಮಿಷದ ಪೂರ್ವಜ ಇದೇ.

ಒಂದೇ ವ್ಯತ್ಯಾಸ. ಅವರ ಪೇಜು ಹಳಸುತ್ತಿರಲಿಲ್ಲ. ಕೋರ್‌ನಲ್ಲಿ ಇದ್ದದ್ದೇ ಸತ್ಯ, ಬದಲಾಗಿದ್ದರೆ ಡ್ರಮ್‌ಗೆ ಬರೆದು ಖಾಲಿ ಮಾಡಿದರಾಯ್ತು. ಆಯ್ಕೆ ತಪ್ಪಿದರೆ ಹೋಗ್ತಿದ್ದದ್ದು ವೇಗ ಮಾತ್ರ. ನಾವು ಅದೇ ನಿಯಮವನ್ನು ಡೇಟಾಬೇಸ್‌ನ ನಕಲಿಗೆ ಹಾಕಿದ್ವಿ. ಇಲ್ಲಿ ಅಸಲು ಬೇರೆ ಕಡೆ ಕೂತು ಬದಲಾಗ್ತಿರುತ್ತೆ, ನಕಲಿಗೆ ಸುದ್ದಿಯೇ ಇರಲ್ಲ. ಜಾಸ್ತಿ ಓದುವ ಎಂಟ್ರಿಯೇ ಜಾಸ್ತಿ ಹಳಸೋದು.

2002ರ ಎಎಸ್‌ಪಿ ಡಾಟ್‌ನೆಟ್ ಕ್ಯಾಶ್‌ನಲ್ಲಿ ಸ್ಲೈಡಿಂಗ್ ಅಥವಾ ಆಬ್ಸಲ್ಯೂಟ್, ಎರಡರಲ್ಲಿ ಒಂದನ್ನೇ ಆರಿಸಬೇಕಿತ್ತು. ಎರಡೂ ಕೊಟ್ಟರೆ ಎಕ್ಸೆಪ್ಶನ್! 2016ರ ಎಎಸ್‌ಪಿ ಡಾಟ್‌ನೆಟ್ ಕೋರ್‌ನ ಮೆಮೊರಿ ಕ್ಯಾಶ್ ಎರಡನ್ನೂ ಒಟ್ಟಿಗೆ ಒಪ್ಪಿತು: ಮುಟ್ಟಿದಷ್ಟೂ ಆಯಸ್ಸು ಬೆಳೆಯಲಿ, ಆದರೆ ಈ ಗಡಿ ದಾಟಬಾರದು.

ನನ್ನ ಕೈಲಿದ್ದದ್ದು ಈ ಹೊಸದೇ. ಎರಡನೇ ಸಾಲು ಬರೆಯೋಕೆ ನನಗೇ ಹೊಳೆದಿರಲಿಲ್ಲ. ಗುರುವಾರ ರಾತ್ರಿ ಒಂದು ಗಂಟೆಯ ಆಬ್ಸಲ್ಯೂಟ್ ಗಡಿ ಹಾಕಿ ಡಿಪ್ಲಾಯ್ ಮಾಡಿದೆ. ಹಕ್ಕು ತೆಗೆದ ಕ್ಷಣವೇ ಎಂಟ್ರಿ ಅಳಿಸುವ ಕೋಡ್ ಸೇರಿಸೋಕೆ ಇನ್ನೂ ಎರಡು ದಿನ ಹಿಡೀತು.