ಅಜ್ಜಿಯ ಹೊಸಿಲು

1/5

ಮೊದಲ ಫೋಟೊದಲ್ಲಿ ಇರೋದು ನಮ್ಮ ಮನೆಯ ಹೊಸಿಲು. ಹಲಸಿನ ಮರದ್ದು. ಮಧ್ಯದಲ್ಲಿ ಸವೆದು ತಗ್ಗಾಗಿದೆ ನೋಡಿ. ಅದರ ಮೇಲೆ ಯಾರಾದ್ರೂ ನಿಂತ್ರೆ ಅಜ್ಜಿ ಸುಮ್ನೆ ಬಿಡ್ತಿರ್ಲಿಲ್ಲ, ನೆಂಟರು ಅಂತಾನೂ ನೋಡದೆ ಬೈಯ್ತಿದ್ಲು.

ಈ ಹೊಸಿಲು ಮೂರು ಮನೆಗೆ ಹೊಸಿಲಾಗಿದೆ. ಮೊದಲ ಎರಡು ಮನೆ ಇದ್ದ ಜಾಗ ಈಗ ಶರಾವತಿ ಹಿನ್ನೀರಿನ ಅಡಿಯಲ್ಲಿದೆ.

ಬರೋ ಏಪ್ರಿಲ್‌ಗೆ ಅಜ್ಜಿ ತೀರಿಕೊಂಡು ಒಂದು ವರ್ಷ. ಕಾಲೇಜಲ್ಲಿ ಸ್ಥಳೀಯ ಇತಿಹಾಸದ ಅಸೈನ್‌ಮೆಂಟ್ ಕೊಟ್ಟಾಗ ನಮ್ಮ ಬ್ಯಾಚಿನವರೆಲ್ಲ ಕೆಳದಿ, ಇಕ್ಕೇರಿ ಅಂತ ಹೋದ್ವಿ, ನೆನಪಿದ್ಯಾ? ನಾನೂ ಇಕ್ಕೇರಿ ದೇವಸ್ಥಾನದ ಬಗ್ಗೆಯೇ ಬರೆದೆ. ಮಾರ್ಕ್ಸೂ ಬಂತು. ಆಗ ಅಜ್ಜಿ ಇನ್ನೂ ಇದ್ಲು, ಕೇಳಿದ್ರೆ ಹೇಳ್ತಿದ್ಲು. ಅವತ್ತು ಬರೀದೆ ಇದ್ದದ್ದನ್ನ ಈಗ ಬರೀತಿದೀನಿ.

2/5

ಅಜ್ಜಿಗೆ ಎಷ್ಟು ವಯಸ್ಸು? ಆಧಾರ್ ಕಾರ್ಡಿನಲ್ಲಿ 1-1-1945 ಅಂತಿದೆ. ನಮ್ಮೂರಿನ ಅರ್ಧ ಅಜ್ಜಿಯರು ಜನವರಿ ಒಂದಕ್ಕೇ ಹುಟ್ಟಿದವರು, ನಿಮ್ಮೂರಲ್ಲೂ ಹಾಗೇ ಇರಬೇಕು. ಆದ್ರೆ ಅಜ್ಜಿ ತನ್ನ ವಯಸ್ಸನ್ನ ಡ್ಯಾಮಿನಿಂದ ಲೆಕ್ಕ ಹಾಕ್ತಿದ್ಲು. "ಮಡೆನೂರು ಡ್ಯಾಮಿನ ನೀರು ಬಂದಾಗ ನಾನು ಸೊಂಟದ ಮೇಲೆ ಕೊಡ ಇಟ್ಕೊಂಡು ನಡೆಯೋಷ್ಟು ದೊಡ್ಡವಳಾಗಿದ್ದೆ ಮಗಾ."

ಮಡೆನೂರು ಡ್ಯಾಮ್ ಅಂದ್ರೆ ಹಿರೇಭಾಸ್ಕರ ಅಣೆಕಟ್ಟು. 1948ರಲ್ಲಿ ಮುಗೀತು. ಜೋಗದ ಮೊದಲ ಜಲವಿದ್ಯುತ್ ಯೋಜನೆಗೆ ನೀರು ಕೂಡಿಡೋಕೆ ಕಟ್ಟಿದ್ದು. ಆ ಕೇಂದ್ರಕ್ಕೇ ಈಗ ಮಹಾತ್ಮ ಗಾಂಧಿ ಹೆಸರಿರೋದು, ಆಗಿನ ಸಾಮರ್ಥ್ಯ 120 ಮೆಗಾವ್ಯಾಟ್. ಗಣೇಶ್ ಅಯ್ಯರ್ ಅನ್ನೋ ಎಂಜಿನಿಯರ್ ರೂಪಿಸಿದ ಸೈಫನ್‌ಗಳು ಅಲ್ಲಿದ್ವು. ಡ್ಯಾಮ್ ತುಂಬಿದ ಕೂಡ್ಲೇ ಹೆಚ್ಚಾದ ನೀರನ್ನ ತಾವೇ ಎಳೆದು ಹೊರಗೆ ಹಾಕೋ ವ್ಯವಸ್ಥೆ. ಎಂಜಿನಿಯರಿಂಗ್ ಓದೋ ಗೆಳೆಯರು ಅದನ್ನ ಹುಡುಕಿ ಓದಿ, ನಿಜಕ್ಕೂ ಚೆನ್ನಾಗಿದೆ.

1948ರಲ್ಲಿ ಕೊಡ ಹೊರೋ ಹುಡುಗಿ ಅಂದ್ರೆ ಹತ್ತು ವರ್ಷ ಆದ್ರೂ ಆಗಿರಬೇಕು. ಅಂದ್ರೆ ಹುಟ್ಟಿದ್ದು 1938ರ ಆಸುಪಾಸು. ಆಧಾರ್ ನಂಬಿದ್ರೆ ಮೂರು ವರ್ಷದ ಮಗು ಕೊಡ ಹೊತ್ಕೊಂಡು ಊರು ಬಿಟ್ಟಿರಬೇಕು! ನಾನು ಡ್ಯಾಮನ್ನೇ ನಂಬ್ತೀನಿ.

"ನೀರು ಓಡಿ ಬರ್ಲಿಲ್ಲ, ನಡ್ಕೊಂಡು ಬಂತು" ಅನ್ನೋಳು. "ಇವತ್ತು ಗದ್ದೆ ಅಂಚಿನ ಕೆಳಗೆ, ನಾಳೆ ಅಂಚಿನ ಮೇಲೆ." ಅವರಪ್ಪ ಮನೆ ಬಿಚ್ಚಿ ಬಾಗಿಲು, ಚೌಕಟ್ಟು, ಹೊಸಿಲು ಎಲ್ಲಾ ಗಾಡಿಗೆ ಹೇರಿಕೊಂಡು ಮೇಲಿನ ಜಾಗಕ್ಕೆ ಹೋಗಿ ಮತ್ತೆ ಮನೆ ಕಟ್ಟಿದ್ರು. ಅಡಿಕೆ ಸಸಿ ಹಾಕಿದ್ರು. ಒಬ್ಬಳೇ ಮಗಳು, ಹಾಗಾಗಿ ಅಜ್ಜ ಮನೆ ಅಳಿಯನಾಗಿ ಬಂದ್ರು. ಇನ್ನು ನೀರು ಇಲ್ಲಿ ತನಕ ಬರಲ್ಲ ಅಂತ ಎಲ್ಲರೂ ಅಂದ್ಕೊಂಡಿದ್ರು.

3/5

ಬಂತು. ಈ ಸಲ ಲಿಂಗನಮಕ್ಕಿ.

1964ರಲ್ಲಿ ಮುಗಿದ ಲಿಂಗನಮಕ್ಕಿ ಎಷ್ಟು ದೊಡ್ಡದು ಅಂದ್ರೆ, ಮೊದಲಿನ ಮಡೆನೂರು ಡ್ಯಾಮೇ ಅದರೊಳಗೆ ಮುಳುಗಿಹೋಯ್ತು. ಊರು ಮುಳುಗಿಸಿದ ಡ್ಯಾಮನ್ನ ಇನ್ನೊಂದು ಡ್ಯಾಮ್ ಮುಳುಗಿಸಿತು. ಎರಡನೇ ಫೋಟೊ ಅದೇ. ಹಿನ್ನೀರು ತೀರಾ ಕೆಳಗಿಳಿದ ಬೇಸಿಗೆಯಲ್ಲಿ ಹಳೇ ಅಣೆಕಟ್ಟು ಎದ್ದು ಕಾಣುತ್ತೆ, ಜನ ನೋಡೋಕೆ ಹೋಗ್ತಾರೆ, ರೀಲ್ಸ್ ಮಾಡ್ತಾರೆ. ನಾನೂ ಮಾಡಿದೀನಿ, ಒಪ್ಕೋತೀನಿ. ಮನೆಗೆ ಬಂದು ಅಜ್ಜಿಗೆ ಫೋನಲ್ಲಿ ತೋರಿಸಿದ್ರೆ ಅವಳು ಡ್ಯಾಮ್ ನೋಡಲೇ ಇಲ್ಲ. ವಿಡಿಯೊದ ಮೂಲೆಯಲ್ಲಿ ಕಾಣ್ತಿದ್ದ ಒಣಗಿದ ಮರದ ಬೊಡ್ಡೆಗಳನ್ನ ನೋಡ್ತಾ, "ಇದು ಯಾರ ತೋಟದ್ದು?" ಅಂದ್ಲು.

ಎರಡನೇ ಸಲ ಊರು ಬಿಟ್ಟಾಗ ಅವಳಿಗೆ ಇಪ್ಪತ್ತೈದರ ಹತ್ರ. ಲಾರಿ ಬಂತು. ಸಾಮಾನು ಮೊದಲು, ಜನ ಆಮೇಲೆ. ದನ ಎಲ್ಲಾ ಹಿಡಿಸ್ಲಿಲ್ಲ. ಹಾಲು ಕೊಡೋ ಒಂದು ಎಮ್ಮೆ ಬಿಟ್ಟು ಉಳಿದವನ್ನ ಸಿಕ್ಕಿದ ಬೆಲೆಗೆ ಮಾರಿದ್ರು. ಹೊಸಿಲು ಬೇಡ, ಭಾರ ಅಂತ ಅಜ್ಜ ಅಂದ್ರಂತೆ. ಅಜ್ಜಿ ಅದರ ಮೇಲೆ ಹೋಗಿ ಕೂತ್ಬಿಟ್ಲು. ಹೊಸಿಲ ಮೇಲೆ ನಿಲ್ಲಬಾರದು, ಕೂರಬಾರದು ಅಂತ ನಮಗೆಲ್ಲಾ ಪಾಠ ಹೇಳಿದವಳು ತಾನೇ ಕೂತಿದ್ದು ಅದೊಂದೇ ಸಲ.

ಶರಾವತಿ ಸಂತ್ರಸ್ತರು ಶಿವಮೊಗ್ಗ ಜಿಲ್ಲೆಯ ಬೇರೆ ಬೇರೆ ತಾಲೂಕುಗಳಿಗೆ ಚದುರಿದ್ರು. ನಮ್ಮ ಮನೆಯವರನ್ನ ಇಳಿಸಿದ್ದು ಕುಂಸಿ ಕಡೆ ಕಾಡಲ್ಲಿ. ಮನೆ ಇರ್ಲಿಲ್ಲ, ಬಾವಿ ಇರ್ಲಿಲ್ಲ. ಮೊದಲ ಮಳೆಗಾಲ ಸೋಗೆ ಗುಡಿಸಲಲ್ಲಿ ಕಳೀತು. ಆ ವರ್ಷದ ಬಗ್ಗೆ ಕೇಳಿದ್ರೆ ಅಜ್ಜಿ "ಎಂತ ಹೇಳದು" ಅಂತ ಎದ್ದು ಒಳಗೆ ಹೋಗೋಳು. ಅವಳಿಗೆ ಇನ್ನೊಂದು ಮಗು ಇತ್ತು, ಆ ಮಳೆಗಾಲ ದಾಟ್ಲಿಲ್ಲ ಅಂತ ನನಗೆ ಗೊತ್ತಾಗಿದ್ದು ಅಪ್ಪನಿಂದ, ಅದೂ ಅಜ್ಜಿ ಹೋದಮೇಲೆ.

4/5

ಶರಾವತಿ ವಿದ್ಯುದಾಗಾರ 1035 ಮೆಗಾವ್ಯಾಟಿನದ್ದು. ಒಂದು ಕಾಲಕ್ಕೆ ಇಡೀ ರಾಜ್ಯದ ಕರೆಂಟಿನ ದೊಡ್ಡ ಪಾಲು ಅಲ್ಲಿಂದಲೇ ಬರ್ತಿತ್ತು. ಬೆಂಗಳೂರಿನ ಕಾರ್ಖಾನೆಗಳು ಓಡಿದ್ದು ಅದರಿಂದ. ಡ್ಯಾಮ್ ಕಟ್ಟಬಾರದಿತ್ತು ಅಂತ ನಾನು ಹೇಳ್ತಿಲ್ಲ. ಆದ್ರೆ ನಮ್ಮ ಮನೆಗೆ ಕರೆಂಟ್ ಬಂದಾಗ ಅಪ್ಪ ಏಳನೇ ಕ್ಲಾಸಲ್ಲಿದ್ರು. ಅವರು ಹುಟ್ಟಿದ್ದು 1972ರಲ್ಲಿ. ಲೆಕ್ಕ ನೀವೇ ಹಾಕಿ.

ಮೂರನೇ ಫೋಟೊ ಒಂದು ಹಸಿರು ಫೈಲು. ಅರವತ್ತರ ದಶಕದಲ್ಲಿ ಕಾಡಿನ ಜಾಗ ತೋರಿಸಿ "ಇಲ್ಲಿರಿ" ಅಂದವರು, ಅದನ್ನ ಅರಣ್ಯದ ದಾಖಲೆಯಿಂದ ತೆಗೆಯೋ ಕೆಲಸ ಮುಗಿಸಲಿಲ್ಲ. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂತು. ಆಮೇಲೆ ಅರಣ್ಯ ಭೂಮಿಯನ್ನ ಬೇರೆ ಉಪಯೋಗಕ್ಕೆ ಕೊಡೋಕೆ ಕೇಂದ್ರದ ಒಪ್ಪಿಗೆ ಬೇಕು. ಎಷ್ಟೋ ವರ್ಷ ಕಳೆದು ರಾಜ್ಯ ಸರ್ಕಾರ ಡಿನೋಟಿಫಿಕೇಶನ್ ಆದೇಶ ಹೊರಡಿಸಿತು, ಕೇಂದ್ರದ ಒಪ್ಪಿಗೆ ಇಲ್ಲದೆ. 2021ರಲ್ಲಿ ಹೈಕೋರ್ಟ್ ಅದನ್ನ ರದ್ದು ಮಾಡಿತು. ಕಾನೂನು ಪ್ರಕಾರ ಅದು ಸರಿಯೇ ಇರಬಹುದು. ಆದ್ರೆ ಅರವತ್ತು ವರ್ಷ ಉತ್ತ ನೆಲ ಕಾಗದದಲ್ಲಿ ಇನ್ನೂ ಕಾಡು. ಕಾಗದ ಇಲ್ದೆ ಬ್ಯಾಂಕ್ ಸಾಲ ಇಲ್ಲ. ಸಾಲ ಇಲ್ದೆ ನಮ್ಮದು ಇನ್ನೂ ಅದೇ ಹೆಂಚಿನ ಮನೆ. ಹೊಸಿಲು ಉಳಿದಿದ್ದಕ್ಕೆ ಇದೂ ಒಂದು ಕಾರಣ ಅನ್ನಿ.

ಅಜ್ಜಿ ಈ ಫೈಲನ್ನ ಅಕ್ಕಿ ಡಬ್ಬದ ಮೇಲೆ ಪ್ಲಾಸ್ಟಿಕ್ ಸುತ್ತಿ ಇಡ್ತಿದ್ಲು. ಓದೋಕೆ ಬರ್ತಿರ್ಲಿಲ್ಲ, ಆದ್ರೆ ಯಾವ ಕಾಗದ ಎಷ್ಟನೇದು ಅಂತ ಗೊತ್ತಿತ್ತು. ಇನ್ನೊಂದು ಅವಳಿಗೆ ಬಾಯಿಪಾಠ ಇದ್ದದ್ದು 1819. ಲಿಂಗನಮಕ್ಕಿ ತುಂಬಿದಾಗಿನ ಮಟ್ಟ, ಅಡಿಗಳಲ್ಲಿ. ಮಳೆಗಾಲದಲ್ಲಿ ದಿನಾ ಬೆಳಿಗ್ಗೆ ಅಪ್ಪ ಪೇಪರ್ ತೆಗೆದ ಕೂಡ್ಲೇ "ಎಷ್ಟಾಯ್ತು?" ಅಂತ ಕೇಳೋಳು. ತುಂಬೋಕೆ ಬಂತು ಅಂದ್ರೆ ಖುಷಿಯೋ ಬೇಜಾರೋ, ಮುಖ ನೋಡಿ ಹೇಳೋಕಾಗ್ತಿರ್ಲಿಲ್ಲ.

ಒಂದು ಸಲ ಟೀವಿಯಲ್ಲಿ 'ದ್ವೀಪ' ಬಂದಿತ್ತು. ನಾ. ಡಿಸೋಜ ಅವರ ಕಾದಂಬರಿ, ಗಿರೀಶ್ ಕಾಸರವಳ್ಳಿ ಸಿನಿಮಾ ಮಾಡಿದ್ರಲ್ಲ, ಸೌಂದರ್ಯ ಇರೋದು. ಅಜ್ಜಿ ಎದ್ದೇಳದೆ ಪೂರ್ತಿ ನೋಡಿದ್ಲು. ನಾವೆಲ್ಲಾ ಅಳ್ತಾಳೆ ಅಂತ ಕಾಯ್ತಿದ್ವಿ. ಮುಗಿದಮೇಲೆ, "ಮಳೆ ಸರಿಯಾಗಿ ತೋರ್ಸಿದಾರೆ. ಆದ್ರೆ ಅಷ್ಟು ಮಳೇಲಿ ಸೀರೆ ಅಷ್ಟು ಬೇಗ ಒಣಗಲ್ಲ" ಅಂದ್ಲು.

5/5

2025ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಶುರುವಾಯ್ತು. ಲಾಂಚಿಗೆ ಕಾಯದೆ ಹಿನ್ನೀರು ದಾಟಿ ಸಿಗಂದೂರಿಗೆ ಹೋಗಬಹುದು. ಅಜ್ಜಿ ಮೂರು ತಿಂಗಳ ಮುಂಚೆ ಹೋಗಿಬಿಟ್ಟಿದ್ಲು.

ಫೈಲಲ್ಲಿ ಅಜ್ಜಿ ಹೆಸರು ತೆಗೆದು ಅಪ್ಪನ ಹೆಸರು ಹಾಕಿಸಬೇಕಿತ್ತು. ಹೋದ ವಾರ ಹೊಸ ಅರ್ಜಿ ತುಂಬಿದ್ವಿ. ಅಪ್ಪ ಹೇಳಿದ್ರು, ನಾನು ಬರೆದೆ. "ಮುಳುಗಡೆಯಾದ ಗ್ರಾಮ" ಅನ್ನೋ ಜಾಗದಲ್ಲಿ ಒಂದೇ ಹೆಸರಿಗೆ ಆಗೋಷ್ಟು ಗೆರೆ ಇದೆ. ಹಳೇ ಅರ್ಜಿಗಳನ್ನ ತೆಗೆದು ನೋಡಿದೆ. ಪ್ರತಿಯೊಂದರಲ್ಲೂ ಅಜ್ಜಿ ಯಾರ ಕೈಲೋ ಎರಡು ಊರಿನ ಹೆಸರು ಬರೆಸಿದ್ಲು, ಎರಡನೇದು ಗೆರೆಯ ಹೊರಗೆ, ಚಿಕ್ಕ ಅಕ್ಷರದಲ್ಲಿ. ನಾನೂ ಹಾಗೇ ಬರೆದೆ. ಕೊನೇ ಫೋಟೊ ಅದು.