ರೈಲಿನ ಜೊತೆ ಮನುಷ್ಯರ ಓಟ: ವೇಲ್ಸ್‌ನ ‘ರೇಸ್ ದ ಟ್ರೇನ್’ ಫೋಟೊ ತೆಗೆಯೋದು ಹೇಗೆ?

ಒಂದು ಕಡೆ ಉಗಿ ಎಂಜಿನ್ ಎಳೆಯುವ ಪುಟ್ಟ ಪ್ಯಾಸೆಂಜರ್ ರೈಲು. ಪಕ್ಕದ ಹೊಲ, ಹುಲ್ಲುಗಾವಲು, ಕೆಸರು ದಾರಿಯಲ್ಲಿ ನೂರಾರು ಓಟಗಾರರು. ರೈಲು ಹೋಗಿ ವಾಪಸ್ ಬರುವಷ್ಟರಲ್ಲಿ ಯಾರು ಊರು ಮುಟ್ಟುತ್ತಾರೆ ಅನ್ನೋದೇ ಪಂದ್ಯ. ಬ್ರಿಟನ್ನಿನ ವೇಲ್ಸ್‌ನಲ್ಲಿ ಕಡಲ ತೀರದ ಟೌವಿನ್ ಎಂಬ ಸಣ್ಣ ಪಟ್ಟಣದಲ್ಲಿ 1984ರಲ್ಲಿ ಶುರುವಾದ ಈ ಓಟದ ಹೆಸರು ‘ರೇಸ್ ದ ಟ್ರೇನ್’. ಆಗಸ್ಟ್ ತಿಂಗಳಲ್ಲಿ ನಡೆಯುತ್ತದೆ.

ನಡೆಸುವವರು ಅಲ್ಲಿನ ರೋಟರಿ ಕ್ಲಬ್‌ನವರು. ನಮ್ಮ ತಾಲ್ಲೂಕುಗಳಲ್ಲಿ ಪೋಲಿಯೊ ಹನಿ, ಕಣ್ಣಿನ ಶಿಬಿರ ಅಂದ ಕೂಡಲೇ ನೆನಪಾಗುವ ಅದೇ ರೋಟರಿ. ಓಟದಿಂದ ಬರುವ ಹಣ ಸೇವಾ ಕಾರ್ಯಗಳಿಗೆ ಹೋಗುತ್ತದೆ.

ರೈಲಿನದ್ದೂ ಒಂದು ಕತೆ ಇದೆ. ಬೆಟ್ಟದ ಗಣಿಯಿಂದ ಸ್ಲೇಟ್ ಕಲ್ಲು ಸಾಗಿಸಲು 1860ರ ದಶಕದಲ್ಲಿ ಹಾಕಿದ ಟಾಲಿಲಿನ್ ರೈಲ್ವೆ ಇದು. 1950ರಲ್ಲಿ ಮಾಲೀಕರು ತೀರಿಕೊಂಡಾಗ ಮುಚ್ಚಿಯೇ ಹೋಗಬೇಕಿತ್ತು. ರೈಲಿನ ಹುಚ್ಚಿದ್ದ ಕೆಲವರು ಸೇರಿ ಸಂಘ ಕಟ್ಟಿದರು, 1951ರಿಂದ ತಾವೇ ಓಡಿಸಲು ಶುರು ಮಾಡಿದರು. ಸ್ವಯಂಸೇವಕರು ಉಳಿಸಿಕೊಂಡ ರೈಲುಗಳಲ್ಲಿ ಜಗತ್ತಿನಲ್ಲೇ ಇದು ಮೊದಲನೆಯದು. ಮಕ್ಕಳು ಟಿವಿಯಲ್ಲಿ ನೋಡುವ ‘ಥಾಮಸ್’ ಎಂಜಿನ್ ಕತೆಗಳನ್ನು ಬರೆದ ಪಾದ್ರಿ ಆಡ್ರಿ ಕೂಡ ಇಲ್ಲಿ ಸ್ವಯಂಸೇವಕರಾಗಿ ದುಡಿದವರು. ಅಂದರೆ ಓಟದ ದಿನ ಎಂಜಿನ್ ನಡೆಸುವವರಿಂದ ಹಿಡಿದು ನೀರಿನ ಲೋಟ ಕೊಡುವವರವರೆಗೆ ಹೆಚ್ಚಿನವರು ಸಂಬಳ ಇಲ್ಲದೆ ನಿಂತವರೇ.

ರೈಲು ಗೆಲ್ಲುತ್ತಾ, ಮನುಷ್ಯ ಗೆಲ್ಲುತ್ತಾನಾ?

ಮುಖ್ಯ ಓಟ ಟೌವಿನ್‌ನಿಂದ ಕಣಿವೆಯ ಮೇಲಿನ ಅಬರ್‌ಗನೋಲ್ವಿನ್‌ಗೆ ಹೋಗಿ ವಾಪಸ್, ಸುಮಾರು 14 ಮೈಲಿ, ಅಂದರೆ 22.5 ಕಿ.ಮೀ. ರೈಲಿಗೆ ಹೋಗಿ ಬರಲು ಹೆಚ್ಚುಕಮ್ಮಿ ಒಂದೂಮುಕ್ಕಾಲು ಗಂಟೆ ಬೇಕು. ಲೆಕ್ಕ ಹಾಕಿದರೆ ರೈಲನ್ನು ಸೋಲಿಸುವವರು ಗಂಟೆಗೆ ಸುಮಾರು 13 ಕಿ.ಮೀ. ವೇಗದಲ್ಲಿ, ಏರು, ಇಳಿಜಾರು, ಕೆಸರು ಎಲ್ಲ ದಾಟಿಕೊಂಡು ಓಡಬೇಕು. ತಮಾಷೆಯ ಮಾತಲ್ಲ. ಬಹಳ ಮಂದಿ ಸೋಲುತ್ತಾರೆ, ಆದರೂ ಮುಂದಿನ ವರ್ಷ ಮತ್ತೆ ಬರುತ್ತಾರೆ.

ಓಟಗಾರರ ಮನೆಯವರು, ಗೆಳೆಯರು ಟಿಕೆಟ್ ಕೊಂಡು ಇದೇ ರೈಲಿನಲ್ಲಿ ಕೂತು, ಕಿಟಕಿಯಿಂದ ಕೂಗಿ ಹುರಿದುಂಬಿಸುತ್ತಾರೆ. ಗಂಡ ಹೊಲದಲ್ಲಿ ಓಡುತ್ತಾನೆ, ಹೆಂಡತಿ ಮಕ್ಕಳು ಬೋಗಿಯಲ್ಲಿ. ಫೋಟೊದವರಿಗೆ ಇದಕ್ಕಿಂತ ಒಳ್ಳೆ ಸಂದರ್ಭ ಸಿಗೋದು ಕಷ್ಟ.

ಇಬ್ಬರೂ ಒಂದೇ ಚೌಕಟ್ಟಿನಲ್ಲಿ

ಬರೀ ರೈಲಿನ ಫೋಟೊ ಬೇಕಿದ್ದರೆ ವರ್ಷದ ಬೇರೆ ದಿನಗಳಲ್ಲೂ ಸಿಗುತ್ತದೆ. ಈ ದಿನದ ಫೋಟೊದಲ್ಲಿ ಓಟಗಾರ ಇರಲೇಬೇಕು. ಅದಕ್ಕೆ ಈ ರೈಲಿನ ಗಾತ್ರವೇ ಅನುಕೂಲ. ಹಳಿಗಳ ನಡುವಿನ ಅಂತರ ಬರೀ 686 ಮಿಲಿಮೀಟರ್. ನಮ್ಮ ಬ್ರಾಡ್‌ಗೇಜ್ 1,676 ಮಿಲಿಮೀಟರ್. ನಮ್ಮ ರೈಲಿನ ಪಕ್ಕ ನಿಂತ ಮನುಷ್ಯ ಫೋಟೊದಲ್ಲಿ ಇರುವೆಯ ಹಾಗೆ ಕಾಣುತ್ತಾನೆ. ಇಲ್ಲಿ ಹಾಗಲ್ಲ, ಓಟಗಾರನೂ ರೈಲೂ ಸರಿಜೋಡಿ ಕಾಣುತ್ತವೆ.

ಇನ್ನೊಂದು ಅನುಕೂಲ ವೇಗದ್ದು. ಓಡುವ ವಸ್ತುವಿನ ಜೊತೆಗೇ ಕ್ಯಾಮೆರಾ ತಿರುಗಿಸುತ್ತಾ ಕ್ಲಿಕ್ ಮಾಡೋದಕ್ಕೆ ಪ್ಯಾನಿಂಗ್ ಅನ್ನುತ್ತಾರೆ. ವಸ್ತು ಸ್ಪಷ್ಟವಾಗಿರುತ್ತದೆ, ಹಿಂದಿನ ಮರಗಿಡ ಗೆರೆ ಎಳೆದ ಹಾಗೆ ಮಸುಕಾಗುತ್ತದೆ. ಸಾಮಾನ್ಯವಾಗಿ ರೈಲಿನ ಜೊತೆ ಕ್ಯಾಮೆರಾ ತಿರುಗಿಸಿದರೆ ಪಕ್ಕದ ಮನುಷ್ಯ ಮಸುಕಾಗುತ್ತಾನೆ. ಇಲ್ಲಿ ಇಬ್ಬರ ವೇಗವೂ ಹತ್ತಿರ ಹತ್ತಿರ ಒಂದೇ. ಓಟಗಾರ ಹಳಿಯ ಬೇಲಿಗೆ ಸಮೀಪ ಇದ್ದರೆ ಸೆಕೆಂಡಿನ 1/60 ಅಥವಾ 1/30 ಶಟರ್‌ನಲ್ಲಿ ಇಬ್ಬರೂ ಸ್ಪಷ್ಟವಾಗಿ ಸಿಗುತ್ತಾರೆ. ಕೈಕಾಲು ಮಾತ್ರ ಸ್ವಲ್ಪ ಮಸುಕಾಗುತ್ತದೆ, ಅದು ಓಟ ಅಂತ ತೋರಿಸಲು ಅಷ್ಟು ಇರಬೇಕು. ಕೈ ಪಳಗದವರು 1/500 ಇಟ್ಟುಕೊಂಡು ಒಂದಾದರೂ ಗ್ಯಾರಂಟಿ ಫೋಟೊ ಮಾಡಿಕೊಂಡು ಆಮೇಲೆ ಪ್ಯಾನಿಂಗ್‌ಗೆ ಇಳಿಯೋದು ಜಾಣತನ. ಮೊಬೈಲ್ ಆದರೆ ಬರ್ಸ್ಟ್ ಮೋಡ್ ಸಾಕು.

ಹೋಗುವ ರೈಲೋ, ಬರುವ ರೈಲೋ? ಹೋಗುವಾಗ ಏರು. ಎಂಜಿನ್ ಏದುಸಿರು ಬಿಡುತ್ತದೆ, ಹೊಗೆ ಉಗಿ ಜೋರು, ಹೊಗೆಕೊಳವೆ ಮುಂದಕ್ಕೆ ಇರುತ್ತದೆ. ವಾಪಸ್ ಬರುವಾಗ ಎಂಜಿನ್ ಹಿಂದುಮುಂದಾಗಿ ಬರುತ್ತದೆ, ಇಳಿಜಾರಾದ್ದರಿಂದ ಹೊಗೆಯೂ ಕಡಿಮೆ. ಆದರೆ ಕಣಿವೆ ನೈಋತ್ಯದಿಂದ ಈಶಾನ್ಯಕ್ಕೆ ಇರುವ ಕಾರಣ ಮಧ್ಯಾಹ್ನದ ಮೇಲಿನ ಬಿಸಿಲು ವಾಪಸ್ ಬರುವವರ ಮುಖಕ್ಕೇ ಬೀಳುತ್ತದೆ. ರೈಲು ಚೆನ್ನಾಗಿ ಕಾಣಬೇಕಾದರೆ ಹೋಗುವಾಗ, ಓಟಗಾರರ ಮುಖದಲ್ಲಿನ ಸುಸ್ತು, ಹಟ ಕಾಣಬೇಕಾದರೆ ಬರುವಾಗ. ಎರಡನೆಯದೇ ಹೆಚ್ಚು ಬೆಲೆಯ ಫೋಟೊ. ಮೋಡ ಕವಿದರೆ ಈ ಲೆಕ್ಕ ಬಿಡಬಹುದು. ವೇಲ್ಸ್‌ನಲ್ಲಿ ಮೋಡಕ್ಕೇನೂ ಬರವಿಲ್ಲ.

ಬೋಗಿಯಿಂದ ಕೈ ಹೊರಗೆ ಬೇಡ

ರೈಲಿನೊಳಗಿಂದಲೂ ಚೆನ್ನಾಗಿ ತೆಗೆಯಬಹುದು, ಆದರೆ ಒಂದು ಎಚ್ಚರಿಕೆ. 1866ರಲ್ಲಿ ಸರ್ಕಾರದ ಇನ್‌ಸ್ಪೆಕ್ಟರ್ ಬಂದು ಅಳೆದಾಗ, ಹಳಿಯ ಮೇಲಿನ ಸೇತುವೆಗಳ ಒಳ ಅಗಲ ಸುಮಾರು 2.77 ಮೀಟರ್, ಬೋಗಿಯ ಅಗಲ 1.61 ಮೀಟರ್ ಇತ್ತು. ಎರಡೂ ಬದಿ ಉಳಿದದ್ದು ತಲಾ 58 ಸೆಂ.ಮೀ. ಮಾತ್ರ. ಅದಕ್ಕೆ ಒಂದು ಬದಿಯ ಬಾಗಿಲುಗಳನ್ನೇ ಶಾಶ್ವತವಾಗಿ ಮುಚ್ಚಿ, ಸೇತುವೆ ಕೆಳಗೆ ಹಳಿಯನ್ನು ಒಂದು ಪಕ್ಕಕ್ಕೆ ಸರಿಸಿದರು. ಇವತ್ತಿಗೂ ಬೋಗಿಗಳಿಗೆ ಒಂದೇ ಬದಿ ಬಾಗಿಲು. ಮುಚ್ಚಿದ ಬದಿಯಲ್ಲಿ ಜಾಗ ಇನ್ನೂ ಕಡಿಮೆ. ಕ್ಯಾಮೆರಾ ಹಿಡಿದ ಕೈ ಹೊರಗೆ ಚಾಚಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ.

ಹೊರಗೆ ನಿಲ್ಲುವವರು ಬೇಲಿಯ ಆಚೆಯೇ ಇರಬೇಕು. ಓಟದ ದಾರಿ ಬಹುಪಾಲು ರೈತರ ಖಾಸಗಿ ಜಮೀನಿನಲ್ಲಿ ಹೋಗುತ್ತದೆ. ಫೋಟೊದವನೊಬ್ಬ ಗೇಟು ತೆರೆದಿಟ್ಟು ಕುರಿ ಹೊರಗೆ ಹೋದರೆ ರೈತ ಮುಂದಿನ ವರ್ಷ ದಾರಿ ಬಿಡೋದು ಅನುಮಾನ. ಕಿರಿದಾದ ಗೇಟು, ಕಾಲುದಾರಿಗಳಲ್ಲಿ ಟ್ರೈಪಾಡ್ ಊರಲೇಬಾರದು. ರೈಲಿಗಿಂತ ಹತ್ತು ಸೆಕೆಂಡ್ ಮುಂದಿರುವವನಿಗೆ ಆ ಅಡ್ಡಿಯೇ ಸೋಲು.

ಇದನ್ನು ಓದಿ ನಮ್ಮೂರ ಹಳಿಯ ಪಕ್ಕ ಪ್ರಯೋಗ ಮಾಡುವವರಿಗೆ ಒಂದು ಮಾತು: ರೈಲ್ವೆ ಕಾಯ್ದೆ 1989ರ ಕಲಂ 147ರ ಪ್ರಕಾರ ಅನುಮತಿ ಇಲ್ಲದೆ ಹಳಿಗೆ ಇಳಿದರೆ 6 ತಿಂಗಳವರೆಗೆ ಜೈಲು ಅಥವಾ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅಭ್ಯಾಸಕ್ಕೆ ರಸ್ತೆ ಬದಿಯಲ್ಲಿ ನಿಂತು ಸೈಕಲ್ ಸವಾರರ ಮೇಲೆ ಪ್ಯಾನಿಂಗ್ ಮಾಡಿದರೂ ಸಾಕು, ಹೆಚ್ಚುಕಮ್ಮಿ ಅದೇ ವೇಗ.