ಲೈನ್‌ಮನೆ

ಕೊಡಗಿನ ಅಮ್ಮತ್ತಿ ಸುತ್ತಿನ ಕಾಫಿ ತೋಟಗಳಲ್ಲಿ ಕಾರ್ಮಿಕ ಕುಟುಂಬಗಳು ವಾಸಿಸುವ ಸಾಲುಮನೆಗೆ ‘ಲೈನ್‌ಮನೆ’ ಎನ್ನುತ್ತಾರೆ. ನಡುಗೋಡೆ ಹಂಚಿಕೊಂಡು, ಒಂದೇ ಸೂರಿನಡಿ ಒತ್ತೊತ್ತಾಗಿ ನಿಂತ ಮನೆಗಳಿವು. ಸಾಲು ಎಂಬರ್ಥದ ಇಂಗ್ಲಿಷಿನ ‘ಲೈನ್’ಗೆ ನಮ್ಮ ‘ಮನೆ’ ಸೇರಿ ಪದ ಹುಟ್ಟಿತು. ‘ಪೊಲೀಸ್ ಲೈನ್’ನಲ್ಲಿರುವುದೂ ಅದೇ ಲೈನ್. ಕೊಡಗಿನಲ್ಲಿ ಯುರೋಪಿಯನ್ನರ ತೋಟಗಳು ಎದ್ದದ್ದು 1850ರ ದಶಕದಿಂದ. ಘಟ್ಟದ ಕೆಳಗಿನಿಂದ, ಮೈಸೂರು ಸೀಮೆಯಿಂದ ಬಂದ ಆಳುಗಳಿಗೆ ತೋಟದೊಳಗೇ ಸೂರು ಬೇಕಾಯಿತು.

ತೋಟದಲ್ಲಿ ಕೆಲಸದ ಜಾಗ, ಮಲಗುವ ಜಾಗ ಬೇರೆಯಲ್ಲ. ಹಾಗಾಗಿ ಇಲ್ಲಿ ಕಾರ್ಮಿಕರ ಆರೋಗ್ಯದ ಚರಿತ್ರೆ ಈ ಮನೆಗಳ ಚರಿತ್ರೆಯೂ ಹೌದು. 1951ರ ತೋಟ ಕಾರ್ಮಿಕರ ಕಾಯ್ದೆ ಕುಡಿಯುವ ನೀರು, ಶೌಚಾಲಯ, ಚಿಕಿತ್ಸೆ, ಶಿಶುವಿಹಾರಗಳ ಜೊತೆಗೆ ವಸತಿಯನ್ನೂ ಮಾಲೀಕರ ಹೊಣೆಯಾಗಿಸಿತು. ಕೀಟನಾಶಕ, ರಾಸಾಯನಿಕಗಳಿಂದ ರಕ್ಷಣೆಯ ಅಧ್ಯಾಯ ಸೇರಿದ್ದು 2010ರ ತಿದ್ದುಪಡಿಯಲ್ಲಿ. ಔಷಧಿ ಹೊಡೆಯುವವರ ಮಟ್ಟಿಗೆ ಇದು ತೀರಾ ತಡ.

ಈಗ ‘ಲೈನ್‌ಮನೆಯವರು’ ಎಂಬುದು ಜನರ ಗುರುತೇ ಆಗಿದೆ; ಕೆಲವರ ಬಾಯಲ್ಲಿ ಅದು ತಾತ್ಸಾರದ ಮಾತು. ಕಾಳುಮೆಣಸಿಗೆ ಏಣಿ ಹತ್ತುವವರು, ಆನೆ ಅಡ್ಡಾಡುವ ದಾರಿಯಲ್ಲಿ ಬೆಳಿಗ್ಗೆ ಕೆಲಸಕ್ಕೆ ಹೋಗುವವರು ಇವರೇ. ದಯವಿಟ್ಟು ಆ ಪದವನ್ನು ಗೌರವದಿಂದ ಬಳಸಿ.